ಎಲ್ಕ್ ಬೇಟೆಯ ಶಿಬಿರಕ್ಕೆ ಜನರೇಟರ್ ಒಯ್ಯಬೇಕೇ? ನಿರ್ಧರಿಸುವ ಬಗೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಲ್ಕ್ ಬೇಟೆಯ ರೈಫಲ್ ಋತು ಅಕ್ಟೋಬರ್ ತಿಂಗಳ ನಡುವಿನಲ್ಲಿ ಶುರುವಾಗಿ, ನಡುನಡುವೆ ಬಿಡುವು ಕೊಡುತ್ತಾ ನಾಲ್ಕು ಕಂತುಗಳಲ್ಲಿ ನವೆಂಬರ್‌ವರೆಗೆ ನಡೆಯುತ್ತದೆ. ಎಲ್ಕ್ ಎಂದರೆ ನಮ್ಮ ಕಡವೆಯನ್ನು ಹೋಲುವ, ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಪ್ರಾಣಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಷಿದ್ಧವಾದ್ದರಿಂದ ಇಂಥ ಶಿಬಿರಗಳ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಆದರೆ ಡೆನ್ವರ್ ಮುಂತಾದ ಊರುಗಳಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಮತ್ತು ತರಬೇತಿ ಪಡೆದು, ಸಹೋದ್ಯೋಗಿಗಳ ಜೊತೆ ಮೊದಲ ಸಲ ಇಂಥ ಶಿಬಿರಕ್ಕೆ ಹೊರಡುವ ಕನ್ನಡಿಗರ ಮುಂದೆ ಸಾಮಾನು ಕಟ್ಟುವಾಗ ಬರುವ ಪ್ರಶ್ನೆಗಳಲ್ಲಿ ಜನರೇಟರ್ ಮುಖ್ಯವಾದದ್ದು. ಸುಮಾರು 10,000 ಅಡಿ ಎತ್ತರದಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಐದಾರು ದಿನ ಡೇರೆಯಲ್ಲಿ ಕಳೆಯಬೇಕಾದವರು ಒಂದು ಯಂತ್ರ ಜೊತೆಗಿರಲಿ ಎಂದುಕೊಳ್ಳುವುದು ಸಹಜ. ಯಂತ್ರದ ಅಂಗಡಿಗೆ ಹೋಗುವ ಮೊದಲು ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ನಡೆದು ನೋಡುವುದು ಒಳ್ಳೆಯದು, ಏಕೆಂದರೆ ಅನೇಕರಿಗೆ ಉತ್ತರ ಮೊದಲ ಎರಡು ಹೆಜ್ಜೆಗಳಲ್ಲೇ ಸಿಕ್ಕಿಬಿಡುತ್ತದೆ.

ಮೊದಲ ಹೆಜ್ಜೆ: ಶಿಬಿರ ಹೂಡುವ ನೆಲ ಯಾವುದು?

ಕೊಲರಾಡೊದ ಎಲ್ಕ್ ಬೇಟೆಯ ಬಹುಪಾಲು ಸಾರ್ವಜನಿಕ ಅರಣ್ಯಗಳಲ್ಲಿ ನಡೆಯುತ್ತದೆ. ಈ ಅರಣ್ಯಗಳ ಒಳಗೇ ಕೆಲವು ಭಾಗಗಳನ್ನು 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಮೀಸಲಿಡಲಾಗಿದೆ. ವೈಟ್ ರಿವರ್ ಅರಣ್ಯದ ಕಡೆಯ ಫ್ಲಾಟ್ ಟಾಪ್ಸ್ ಮತ್ತು ರಾಜ್ಯದ ನೈರುತ್ಯಕ್ಕಿರುವ ವೆಮಿನೂಚೆ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿರುವ ಅಂಥ ಪ್ರದೇಶಗಳು. ಇವುಗಳ ಗಡಿಯೊಳಗೆ ಎಂಜಿನ್ ಇರುವ ಯಾವ ಸಲಕರಣೆಗೂ ಅವಕಾಶವಿಲ್ಲ. ಅರಣ್ಯ ಇಲಾಖೆಯ ನಿಯಮ ಬಳಕೆಯನ್ನಷ್ಟೇ ಅಲ್ಲ, ಜೊತೆಯಲ್ಲಿ ಇಟ್ಟುಕೊಳ್ಳುವುದನ್ನೂ ನಿಷೇಧಿಸುವುದರಿಂದ, ‘ತಂದಿದ್ದೇವೆ, ಆದರೆ ಚಾಲೂ ಮಾಡಿಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಆದ್ದರಿಂದ ಡೇರೆ ಹಾಕುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿ, ಅದು ಈ ಗಡಿಯ ಒಳಗೋ ಹೊರಗೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಒಳಗಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು.

ಗಡಿಯ ಹೊರಗೆ, ಅರಣ್ಯ ರಸ್ತೆಯ ಪಕ್ಕದಲ್ಲಿ ಶಿಬಿರ ಹೂಡುವವರು ಜನರೇಟರ್ ಒಯ್ಯಬಹುದು. ಆದರೆ ಅದರ ಹೊಗೆ ಕೊಳವೆಯಲ್ಲಿ ಕಿಡಿ ಹೊರಬಾರದಂತೆ ತಡೆಯುವ ಜಾಲರಿ, ಅಂದರೆ ಸ್ಪಾರ್ಕ್ ಅರೆಸ್ಟರ್, ಸುಸ್ಥಿತಿಯಲ್ಲಿ ಇರಲೇಬೇಕು. ಇದು ಬರಿಯ ಕಾಗದದ ನಿಯಮವಲ್ಲ. ಅಕ್ಟೋಬರ್ ಹೊತ್ತಿಗೆ ಆ ಬೆಟ್ಟಗಳ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಒಣ ಋತುವಿನಲ್ಲಿ ಬೆಂಕಿಯ ನಿರ್ಬಂಧಗಳು ಜಾರಿಯಾದಾಗ ಎಂಜಿನ್ ಬಳಕೆಯ ಷರತ್ತುಗಳು ಇನ್ನೂ ಬಿಗಿಯಾಗಬಹುದಾದ್ದರಿಂದ, ಹೊರಡುವ ಮುನ್ನ ಆಯಾ ಅರಣ್ಯ ವಲಯದ ಕಚೇರಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ದಿನಕ್ಕೆ ಎಷ್ಟು ವಿದ್ಯುತ್ ಬೇಕು?

ಇದನ್ನು ಅಂದಾಜಿನಲ್ಲಿ ಬಿಡದೆ ಕಾಗದದ ಮೇಲೆ ಬರೆದೇ ಲೆಕ್ಕ ಹಾಕಬೇಕು. ಪ್ರತಿ ಉಪಕರಣದ ವಾಟ್ ಅನ್ನು ಅದು ದಿನಕ್ಕೆ ಓಡುವ ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. ನಾಲ್ಕು ಜನರ ಸಾಧಾರಣ ಶಿಬಿರವನ್ನೇ ತೆಗೆದುಕೊಳ್ಳೋಣ. ಎಂಟು ವಾಟ್‌ನ ಮೂರು ಎಲ್‌ಇಡಿ ದೀಪಗಳು ಸಂಜೆ-ಬೆಳಗ್ಗೆ ಸೇರಿ ನಾಲ್ಕು ಗಂಟೆ ಉರಿದರೆ ಸುಮಾರು 100 ವಾಟ್-ಗಂಟೆಯಾಗುತ್ತದೆ. ನಾಲ್ಕು ಫೋನುಗಳಿಗೆ 80, ತಲೆದೀಪ, ಜಿಪಿಎಸ್, ವಾಕಿಟಾಕಿಗಳಿಗೆ ಇನ್ನೊಂದು 50 ಎಂದು ಹಿಡಿದರೆ ದಿನದ ಒಟ್ಟು ಬೇಡಿಕೆ 230 ವಾಟ್-ಗಂಟೆ. ಐದು ದಿನಕ್ಕೆ 1,150. ಈಗ ಸುಲಭವಾಗಿ ಸಿಗುವ 1,000 ವಾಟ್-ಗಂಟೆಯ ಬ್ಯಾಟರಿ ಪೆಟ್ಟಿಗೆ, ಪರಿವರ್ತನೆಯಲ್ಲಿ ಆಗುವ ನಷ್ಟ ಕಳೆದು, ಸುಮಾರು 850 ಕೊಡುತ್ತದೆ. ಉಳಿದ 300 ವಾಟ್-ಗಂಟೆಯನ್ನು ಕಾರು ಅಥವಾ ಟ್ರಕ್ ಓಡಾಡುವಾಗ ಅದರ 12 ವೋಲ್ಟ್ ಸಾಕೆಟ್‌ನಿಂದ ಎರಡು ಮೂರು ಗಂಟೆಗಳಲ್ಲಿ ತುಂಬಿಕೊಳ್ಳಬಹುದು. ಇಂಥ ಶಿಬಿರಕ್ಕೆ ಜನರೇಟರ್ ಅಗತ್ಯವೇ ಇಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಲೆಕ್ಕ ಬದಲಾಗುವುದು ಆರೋಗ್ಯದ ವಿಷಯ ಬಂದಾಗ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯಿರುವವರು ಬಳಸುವ ಸಿಪ್ಯಾಪ್ ಯಂತ್ರ, ತೇವಕಾರಕವನ್ನು ಆರಿಸಿಟ್ಟರೂ, 40 ವಾಟ್‌ನಂತೆ ಎಂಟು ಗಂಟೆಗೆ 320 ವಾಟ್-ಗಂಟೆ ತೆಗೆದುಕೊಳ್ಳಬಹುದು. ತೇವಕಾರಕ ಚಾಲೂ ಇದ್ದರೆ ಇದು ಬಹಳ ಹೆಚ್ಚುತ್ತದೆ. ಮೇಲಿನ ಶಿಬಿರಕ್ಕೆ ಒಂದೇ ಒಂದು ಸಿಪ್ಯಾಪ್ ಸೇರಿದರೂ ದಿನದ ಬೇಡಿಕೆ 550ಕ್ಕೆ ಏರಿ, ಐದು ದಿನಕ್ಕೆ 2,750 ಆಗುತ್ತದೆ. ಇದನ್ನು ಟ್ರಕ್‌ನ ಸಾಕೆಟ್ ನಂಬಿ ಪೂರೈಸುವುದು ಕಷ್ಟ. ಇಂಥ ಸಂದರ್ಭದಲ್ಲಿ ಜನರೇಟರ್ ತನ್ನ ಭಾರಕ್ಕೆ ತಕ್ಕ ಪ್ರಯೋಜನ ಕೊಡುತ್ತದೆ. ಸಿಪ್ಯಾಪ್ ಬಳಸುವ ಗೆಳೆಯನಿಗೆ ‘ನಾಲ್ಕು ರಾತ್ರಿ ಹೇಗೋ ಸುಧಾರಿಸಿಕೋ’ ಎಂದು ಯಾರೂ ಹೇಳಬಾರದು. ಗಾಳಿ ತೆಳುವಾಗಿರುವ ಎತ್ತರದಲ್ಲಿ ಉಸಿರಾಟದ ತೊಂದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ಚಳಿಯ ಮಾತು. ವಿದ್ಯುತ್ ಹೀಟರ್ ನಡೆಸಲೆಂದು ಜನರೇಟರ್ ಒಯ್ಯುವ ಯೋಚನೆಯನ್ನು ಬಿಡುವುದೇ ಮೇಲು. ಸಾಮಾನ್ಯ ಹೀಟರ್ 1,500 ವಾಟ್ ಕೇಳುತ್ತದೆ. ಅದನ್ನು ಆ ಎತ್ತರದಲ್ಲಿ ಸಣ್ಣ ಜನರೇಟರ್ ಏಕೆ ಹೊರಲಾರದು ಎಂಬುದನ್ನು ಮುಂದೆ ನೋಡೋಣ. ಎಲ್ಕ್ ಬೇಟೆಗಾರರು ಬಹುಕಾಲದಿಂದ ದಪ್ಪ ಕ್ಯಾನ್ವಾಸಿನ ಗೋಡೆಯ ಡೇರೆಯೊಳಗೆ ಕೊಳವೆಯಿರುವ ಸೌದೆ ಒಲೆ ಇಟ್ಟುಕೊಂಡೇ ಈ ಚಳಿಯನ್ನು ಎದುರಿಸಿದ್ದಾರೆ. ಪ್ರೊಪೇನ್ ಹೀಟರ್ ನಂಬುವವರು ಒಂದು ವಿಷಯ ತಿಳಿದಿರಬೇಕು: ಆಮ್ಲಜನಕ ಕಡಿಮೆಯಾದರೆ ತಾನಾಗಿ ಆರುವ ವ್ಯವಸ್ಥೆ ಇರುವ ಸಣ್ಣ ಹೀಟರುಗಳು 7,000 ಅಡಿಗಿಂತ ಮೇಲೆ ಪದೇ ಪದೇ ಆರಿಹೋಗಬಹುದು.

ಮಾಂಸ ಕೆಡದಂತೆ ಇಡಲು ಫ್ರೀಜರ್ ಬೇಕು, ಅದಕ್ಕಾಗಿ ಜನರೇಟರ್ ಬೇಕು ಎಂಬ ವಾದವೂ ಕೇಳಿಬರುತ್ತದೆ. ಪ್ರಾಣ ತೆಗೆದ ಮೇಲೆ ಮಾಂಸವನ್ನು ಹಾಳು ಮಾಡದಿರುವುದು ಬೇಟೆಗಾರನ ಮೊದಲ ಹೊಣೆಯಾದ್ದರಿಂದ ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬೆಳೆದ ಗಂಡು ಎಲ್ಕ್‌ನಿಂದ ಮೂಳೆ ತೆಗೆದ ಮೇಲೂ ನೂರು ಕಿಲೋದಷ್ಟು ಮಾಂಸ ಬರಬಹುದು. ಅಷ್ಟು ಬಿಸಿ ಮಾಂಸವನ್ನು ಸಣ್ಣ ಫ್ರೀಜರಿಗೆ ತುಂಬಿದರೆ ಅದು ಹೆಪ್ಪುಗಟ್ಟಲು ದಿನಗಟ್ಟಲೆ ಬೇಕಾಗುತ್ತದೆ, ಅಷ್ಟರಲ್ಲಿ ನಡುವಿನ ಮಾಂಸ ಕೆಡಲೂಬಹುದು. ಬೇಗ ಚರ್ಮ ಸುಲಿದು, ತುಂಡುಗಳನ್ನು ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಹಾಕಿ, ನೆರಳಿನಲ್ಲಿ ತೂಗುಬಿಟ್ಟು, ರಾತ್ರಿಯ ಚಳಿಗೆ ತಣಿಸುವುದೇ ಅಲ್ಲಿ ಸರಿಯಾದ ಕ್ರಮ. ಹಗಲು ಬೆಚ್ಚಗಿರುವ ಮೊದಲ ಕಂತಿನಲ್ಲಿ ಹೋಗುವವರು ದೊಡ್ಡ ಐಸ್ ಪೆಟ್ಟಿಗೆಗಳನ್ನು ಒಯ್ದು, ಮಾರನೆಯ ದಿನವೇ ಮಾಂಸವನ್ನು ಹತ್ತಿರದ ಪಟ್ಟಣದ ಸಂಸ್ಕರಣಾ ಅಂಗಡಿಗೆ ತಲುಪಿಸುವುದು ಫ್ರೀಜರಿಗಿಂತ ನಂಬಿಕೆಯ ದಾರಿ.

ಮೂರನೆಯ ಹೆಜ್ಜೆ: ಎತ್ತರದ ಕಡಿತವನ್ನು ಲೆಕ್ಕಕ್ಕೆ ಹಿಡಿಯಿರಿ

ಇಷ್ಟಾದ ಮೇಲೂ ಜನರೇಟರ್ ಬೇಕೇಬೇಕು ಎನಿಸಿದರೆ ಯಂತ್ರದ ಗಾತ್ರದ ಕಡೆ ಬರಬೇಕು. ಶಿಬಿರಗಳಲ್ಲಿ ಹೆಚ್ಚಾಗಿ ಕಾಣುವ ಹೋಂಡಾ ಇಯು2200ಐ ಮಾದರಿಯನ್ನು ಉದಾಹರಣೆಯಾಗಿ ನೋಡಿ. ಹೆಸರಿನಲ್ಲಿರುವ 2,200 ವಾಟ್ ಕ್ಷಣಕಾಲದ ಗರಿಷ್ಠ ಶಕ್ತಿ. ಅದು ಸತತವಾಗಿ ಕೊಡುವುದು 1,800 ವಾಟ್. ಅದೂ ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿ ಏರಿದಂತೆ ಪೆಟ್ರೋಲ್ ಎಂಜಿನ್ನಿನ ಶಕ್ತಿ ಸುಮಾರು ಶೇ 3.5ರಷ್ಟು ಕುಗ್ಗುತ್ತದೆ. ಹತ್ತು ಸಾವಿರ ಅಡಿಯಲ್ಲಿ ಮೂರನೇ ಒಂದು ಭಾಗದಷ್ಟು ಶಕ್ತಿ ಹೋಗಿ, ಕೈಗೆ ಉಳಿಯುವುದು ಹೆಚ್ಚುಕಡಿಮೆ 1,200 ವಾಟ್. ಹೀಟರ್ ನಡೆಯದಿರುವುದಕ್ಕೆ ಇದೇ ಕಾರಣ. ತೆಳುಗಾಳಿಯಲ್ಲಿ ಕಾರ್ಬ್ಯುರೇಟರಿನ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ, ಎಂಜಿನ್ ಮುಗ್ಗರಿಸಿ ಸ್ಪಾರ್ಕ್ ಪ್ಲಗ್ ಮಸಿಗಟ್ಟುವುದೂ ಉಂಟು. ಸದಾ ಎತ್ತರದಲ್ಲೇ ಬಳಸುವವರು ಅದಕ್ಕೆಂದೇ ಸಿಗುವ ಬೇರೆ ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿವನ್ನು ಅಳೆದು ಬಿಡುವ ಸಣ್ಣ ರಂಧ್ರದ ಭಾಗ, ಹಾಕಿಸಿಕೊಳ್ಳಬೇಕು, ಕೆಳಗೆ ಇಳಿದ ಮೇಲೆ ಮತ್ತೆ ಮೊದಲಿನದನ್ನೇ ಹಾಕಿಸಬೇಕು.

ನನ್ನ ದೃಷ್ಟಿಯಲ್ಲಿ ದೊಡ್ಡ ಜನರೇಟರಿಗಿಂತ ಇಂಥ ಸಣ್ಣ ಇನ್ವರ್ಟರ್ ಜನರೇಟರ್ (ಹೊರೆಗೆ ತಕ್ಕಂತೆ ಎಂಜಿನ್ ವೇಗ ಹೊಂದಿಸಿಕೊಳ್ಳುವ ಬಗೆ) ಮತ್ತು ಒಂದು ಬ್ಯಾಟರಿ ಪೆಟ್ಟಿಗೆಯ ಜೋಡಿ ಎಷ್ಟೋ ಮೇಲು. ಇದನ್ನೂ ಲೆಕ್ಕದಲ್ಲೇ ನೋಡಬಹುದು. ಈ ಹೋಂಡಾ ಯಂತ್ರದ ಟ್ಯಾಂಕ್ ಸುಮಾರು 3.6 ಲೀಟರಿನದು, ಕಾಲುಭಾಗ ಹೊರೆಯಲ್ಲಿ ಅದು ಎಂಟು ಗಂಟೆ ಓಡುತ್ತದೆ. ಸಿಪ್ಯಾಪ್‌ಗಾಗಿ ರಾತ್ರಿಯಿಡೀ ಜನರೇಟರನ್ನೇ ಓಡಿಸಿದರೆ ಐದು ರಾತ್ರಿಗೆ ಐದು ಟ್ಯಾಂಕ್, ಅಂದರೆ 18 ಲೀಟರ್ ಪೆಟ್ರೋಲ್ ಸುಡುತ್ತದೆ, ಯಾರಿಗೂ ನಿದ್ದೆಯಿರುವುದಿಲ್ಲ. ಅದೇ ಯಂತ್ರವನ್ನು ಹಗಲಿನಲ್ಲಿ ಒಂದೂವರೆ ಗಂಟೆ ಓಡಿಸಿ ಬ್ಯಾಟರಿ ತುಂಬಿಕೊಂಡರೆ ಐದು ದಿನಕ್ಕೂ ಸೇರಿ ಒಂದೇ ಟ್ಯಾಂಕ್ ಸಾಕಾಗುತ್ತದೆ. ಚಳಿಯಲ್ಲಿ ಒಂದು ಎಚ್ಚರಿಕೆ: ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗಿನ ಉಷ್ಣಾಂಶದಲ್ಲಿ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ಪೆಟ್ಟಿಗೆಯನ್ನು ರಾತ್ರಿ ಡೇರೆಯೊಳಗೆ ಬೆಚ್ಚಗೆ ಇಟ್ಟು, ಹಗಲು ಬಿಸಿಲೇರಿದ ಮೇಲೆ ಚಾರ್ಜ್‌ಗೆ ಹಾಕಬೇಕು.

ನಾಲ್ಕನೆಯ ಹೆಜ್ಜೆ: ಸುರಕ್ಷಿತವಾಗಿ ಇಡಲು ಜಾಗವಿದೆಯೇ?

ಇದು ಉಳಿದೆಲ್ಲಕ್ಕಿಂತ ಮುಖ್ಯ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ಏಳುವುದೇ ಇಲ್ಲ. ಊರಿನಲ್ಲಿ ಕರೆಂಟ್ ಹೋದಾಗ ಅಂಗಡಿಯ ಬಾಗಿಲ ಬಳಿಯೇ ಜನರೇಟರ್ ಓಡಿಸುವುದನ್ನು ನೋಡಿ ಬೆಳೆದ ನಮಗೆ, ಮಳೆಯೋ ಹಿಮವೋ ಬಂದರೆ ಅದನ್ನು ಡೇರೆಯ ಚಾವಣಿಯ ಅಂಚಿಗೆ ಎಳೆದುಕೊಳ್ಳೋಣ ಎನಿಸಬಹುದು. ಹಾಗೆ ಎಂದಿಗೂ ಮಾಡಬಾರದು. ಡೇರೆ, ಟ್ರೇಲರ್ ಮತ್ತು ಮಲಗುವ ವಾಹನಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಸಾಧ್ಯವಾದರೆ ಇನ್ನೂ ದೂರ, ಗಾಳಿ ಶಿಬಿರದಿಂದ ಆಚೆಗೆ ಬೀಸುವ ಕಡೆಯಲ್ಲಿ, ಹೊಗೆ ಕೊಳವೆಯನ್ನು ಹೊರಮುಖವಾಗಿಸಿ ಇಡಬೇಕು. ಸುತ್ತಲಿನ ಒಣಹುಲ್ಲನ್ನು ಮಣ್ಣು ಕಾಣುವವರೆಗೆ ಕಿತ್ತು ತೆಗೆಯಬೇಕು. ಜನ ಮಲಗಿರುವಾಗ ಯಂತ್ರ ಓಡಕೂಡದು.

ಎತ್ತರದ ಶಿಬಿರಗಳಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು, ಇವು ವಿಷಾನಿಲದ ಲಕ್ಷಣಗಳೂ ಹೌದು, ಎತ್ತರಕ್ಕೆ ಒಗ್ಗದ ದೇಹ ತೋರುವ ಲಕ್ಷಣಗಳೂ ಹೌದು. ‘ಎತ್ತರ ಹಿಡಿದಿದೆ, ಮಲಗಿದರೆ ಸರಿಹೋಗುತ್ತದೆ’ ಎಂದು ಡೇರೆಯೊಳಗೆ ಕಳಿಸಿದವರನ್ನೇ ಕಳೆದುಕೊಳ್ಳುವ ಸಂಭವವಿದೆ. ಒಬ್ಬರಿಗೆ ಹೀಗಾದರೂ ಎಲ್ಲರೂ ಡೇರೆಯಿಂದ ಹೊರಬಂದು, ಎಂಜಿನ್ ಮತ್ತು ಒಲೆ ಎರಡನ್ನೂ ಆರಿಸಿ, ಅಲ್ಲಿನ ತುರ್ತು ಸಹಾಯದ ಸಂಖ್ಯೆಯಾದ 911ಕ್ಕೆ ಕರೆ ಮಾಡಬೇಕು. ಸಿಗ್ನಲ್ ಇಲ್ಲದ ಕಡೆ ಉಪಗ್ರಹ ಸಂದೇಶ ಸಾಧನ ಜೊತೆಗಿರಬೇಕು. ಪ್ರತಿ ಡೇರೆಯಲ್ಲೂ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಸೌದೆ ಒಲೆಯಿಂದಲೂ ಇದೇ ಅನಿಲ ಬರುವುದರಿಂದ ಜನರೇಟರ್ ಒಯ್ಯದವರಿಗೂ ಇದು ಬೇಕು. ಅಲಾರಂ ಕೊಳ್ಳಲು ಹಣವಿಲ್ಲದಿದ್ದರೆ ಜನರೇಟರ್ ಕೊಳ್ಳಲೂ ಹಣವಿಲ್ಲ ಎಂದೇ ತಿಳಿಯಬೇಕು.

ಐದನೆಯ ಹೆಜ್ಜೆ: ಸದ್ದು, ವಾಸನೆ ಮತ್ತು ಅಕ್ಕಪಕ್ಕದವರು

ಸಣ್ಣ ಇನ್ವರ್ಟರ್ ಯಂತ್ರ ಕಡಿಮೆ ಹೊರೆಯಲ್ಲಿ 50 ಡೆಸಿಬಲ್‌ನ ಆಸುಪಾಸಿನಲ್ಲಿ, ಅಂದರೆ ಇಬ್ಬರು ಮೆಲ್ಲಗೆ ಮಾತನಾಡುವಷ್ಟು ಸದ್ದು ಮಾಡುತ್ತದೆ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಬಯಲಿನಲ್ಲಿ ಆರು ಡೆಸಿಬಲ್ ಇಳಿಯುತ್ತದೆ. ಆದರೂ ಗಾಳಿಯಿಲ್ಲದ ನಸುಕಿನಲ್ಲಿ ಅದು ನೂರು ಮೀಟರಿನಾಚೆಗೂ ಕೇಳಿಸುತ್ತದೆ, ಮತ್ತು ಎಲ್ಕ್ ತಿರುಗಾಡುವ ಹೊತ್ತೂ ಅದೇ ನಸುಕು, ಅದೇ ಮುಸ್ಸಂಜೆ. ಪಕ್ಕದ ಶಿಬಿರದವರು ವರ್ಷಗಟ್ಟಲೆ ಕಾದು ಪಡೆದ ಪರವಾನಗಿ ಹಿಡಿದು ಬಂದಿರಬಹುದು. ಅವರ ಬೆಳಗನ್ನು ಹಾಳುಮಾಡುವ ಹಕ್ಕು ನಮಗಿಲ್ಲ. ಪ್ರಾಣಿಗಳು ಮಲಗಿ ಮೆಲುಕು ಹಾಕುವ, ಬೇಟೆಗಾರರು ಊಟಕ್ಕೆ ಶಿಬಿರಕ್ಕೆ ಮರಳುವ ನಡುಹಗಲೇ ಯಂತ್ರ ಓಡಿಸಲು ತಕ್ಕ ಸಮಯ. ಬ್ಯಾಟರಿ ಪೆಟ್ಟಿಗೆ ಇದ್ದರೆ ಉದ್ದದ ಕೇಬಲ್ ಎಳೆಯುವ ಕೆಲಸವೂ ಇಲ್ಲ, ಪೆಟ್ಟಿಗೆಯನ್ನೇ ಜನರೇಟರ್ ಇರುವಲ್ಲಿಗೆ ಒಯ್ದು ತುಂಬಿಸಿ ತರಬಹುದು.

ಪೆಟ್ರೋಲ್ ತುಂಬುವ ಕೆಲಸವನ್ನು ಎಂಜಿನ್ ಪೂರ್ತಿ ತಣಿದ ಮೇಲೆ, ಬೇಟೆಗೆ ತೊಡದ ಬಟ್ಟೆ ಮತ್ತು ಕೈಗವಸು ಹಾಕಿಕೊಂಡು ಮಾಡಬೇಕು. ಎಲ್ಕ್‌ನ ಮೂಗು ಬಹಳ ಚುರುಕು.

ಕೊನೆಯ ಹೆಜ್ಜೆ: ಮನೆಯಲ್ಲೇ ಓಡಿಸಿ ನೋಡಿ

ಹೊರಡುವ ಒಂದು ವಾರ ಮುಂಚೆ, ಯಂತ್ರವನ್ನು ಮನೆಯ ಹೊರಗೆ ತೆರೆದ ಜಾಗದಲ್ಲಿಟ್ಟು, ಶಿಬಿರದಲ್ಲಿ ಬಳಸಲಿರುವ ಬ್ಯಾಟರಿ ಪೆಟ್ಟಿಗೆಯನ್ನೇ ಜೋಡಿಸಿ ಎರಡು ಗಂಟೆ ಓಡಿಸಬೇಕು. ಬೇಸಿಗೆಯಿಂದ ಟ್ಯಾಂಕಿನಲ್ಲೇ ಉಳಿದ ಎಥನಾಲ್ ಬೆರೆತ ಪೆಟ್ರೋಲ್ ಕೆಟ್ಟು ಕಾರ್ಬ್ಯುರೇಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಹಳೆಯದನ್ನು ಖಾಲಿ ಮಾಡಿ ಹೊಸದನ್ನು ತುಂಬಬೇಕು. ಈ ಯಂತ್ರಗಳಲ್ಲಿ ಹಿಡಿಸುವ ಎಣ್ಣೆ ಅರ್ಧ ಲೀಟರಿಗೂ ಕಡಿಮೆಯಾದ್ದರಿಂದ ಸ್ವಲ್ಪ ಇಳಿದರೂ ಎಂಜಿನ್ ತಾನಾಗಿ ನಿಲ್ಲುತ್ತದೆ. ಎಣ್ಣೆಯ ಮಟ್ಟ ನೋಡಿ, ಕೈಪಿಡಿಯಲ್ಲಿ ಚಳಿಗೆಂದು ಹೇಳಿರುವ ತೆಳು ಎಣ್ಣೆಯನ್ನು ಹಾಕಬೇಕು. ಕಿಡಿ ತಡೆಯುವ ಜಾಲರಿಯನ್ನು ಬಿಚ್ಚಿ ಮಸಿ ಉಜ್ಜಿ ತೆಗೆಯಬೇಕು. ಈ ಎರಡು ಗಂಟೆಯಲ್ಲಿ ಯಂತ್ರ ಒಮ್ಮೆಯಾದರೂ ಕಾರಣ ತಿಳಿಯದೆ ನಿಂತರೆ, ಅದನ್ನು ದುರಸ್ತಿಗೆ ಕೊಟ್ಟು, ಈ ಸಲದ ಮಟ್ಟಿಗೆ ಇನ್ನೊಂದು ಬ್ಯಾಟರಿ ಪೆಟ್ಟಿಗೆಯನ್ನು ಬಾಡಿಗೆಗೆ ತರುವುದು ಅಥವಾ ಗೆಳೆಯರಿಂದ ಎರವಲು ಪಡೆಯುವುದು ಉತ್ತಮ.