ಪೆನ್ನು ಬೇಡ, ರಂಗೋಲಿ ಪುಡಿ ತನ್ನಿ

ಊರಿನವರ ಜೊತೆ ಸೇರಿ ಕಲೆಯ ಕೆಲಸ ಮಾಡುತ್ತೇನೆ ಅಂದರೆ ‘ಗೋಡೆಗೆ ಚಿತ್ರ ಬಿಡಿಸ್ತೀರಾ?’ ಅಂತ ಕೇಳುತ್ತಾರೆ. ಇಲ್ಲ. ಹೊರಗಿನವರು ಬಂದು ಬಣ್ಣ ಹಚ್ಚಿ, ಫೋಟೊ ಹೊಡೆದುಕೊಂಡು ಹೋಗುವ ಕೆಲಸ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಾನು ಊರಿನ ನಕ್ಷೆ ಬರೆಸುತ್ತೇನೆ. ಇದೇನು ಹೊಸದಲ್ಲ, 1980ರ ದಶಕದ ಕೊನೆಗೇ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯವರು ನಮ್ಮ ಹಳ್ಳಿಗಳಲ್ಲಿ ಜನರ ಕೈಲೇ ನೆಲದ ಮೇಲೆ ನಕ್ಷೆ ಬರೆಸುತ್ತಿದ್ದರು.

ರಾಯಚೂರು ಜಿಲ್ಲೆಯ ಒಂದು ಹಳ್ಳಿಯದು ಹೇಳುತ್ತೇನೆ. ಅಲ್ಲಿ ಮೊದಲು ಚಾರ್ಟ್ ಹಾಳೆ ಹಾಸಿದೆವು. ಪೆನ್ನು ಯಾರ ಕೈಗೆ ಹೋಯಿತು ಹೇಳಿ? ಓದಿದ ಗಂಡಸರ ಕೈಗೆ. ಗುಡಿ, ಪಂಚಾಯಿತಿ ಆಫೀಸು, ಸಾಲಿ, ಬಸ್ ಸ್ಟ್ಯಾಂಡು ಎಲ್ಲ ಬಂತು. ದಲಿತರ ಕೇರಿ ಮಾತ್ರ ಮೂಲೆಯಲ್ಲಿ ಎರಡು ಗೆರೆ. ಮಧ್ಯಾಹ್ನ ಕೇರಿಯಲ್ಲೇ, ಬೇವಿನ ಮರದ ಕೆಳಗೆ ಸಗಣಿ ಸಾರಿಸಿ ರಂಗೋಲಿ ಪುಡಿ ಇಟ್ಟೆವು. ಪುಡಿ ಮುಟ್ಟಲು ಗಂಡಸರಿಗೆ ಸಂಕೋಚ, ಹಿಂದೆ ಸರಿದರು. ಹೆಂಗಸರು ಕೂತರು.

ಅವರ ನಕ್ಷೆ ನಲ್ಲಿಯಿಂದ ಶುರುವಾಯಿತು! ಇದ್ದಿಲ ಪುಡಿಯಲ್ಲಿ ಪೈಪು, ಇಟ್ಟಿಗೆ ಚೂರಿನಲ್ಲಿ ವಾಲ್ವು. ದಿನಕ್ಕೆ ಎಷ್ಟು ಕೊಡ ನೀರು ಹೊರಗಿಂದ ತರುತ್ತೀರೋ ಅಷ್ಟು ಹುಣಸೆ ಬೀಜ ನಿಮ್ಮ ಮನೆ ಮುಂದೆ ಇಡಿ ಅಂದೆ. ಟ್ಯಾಂಕಿನ ಹತ್ತಿರದ ಓಣಿಗಳ ಲೆಕ್ಕ ಹಾಕಿದಾಗ ಬೀಜವೇ ಇಲ್ಲ, ಕೇರಿಯ ಮನೆಗಳ ಮುಂದೆ ಮಾತ್ರ ಗುಡ್ಡೆ. ಮನೆಮನೆಗೂ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆ ನಲ್ಲಿಗೇ ಬರಬೇಕು, ಇಲ್ಲಿ ನಲ್ಲಿ ಇತ್ತು, ಆದರೆ ನೀರು ಬಿಡುವ ನೀರಗಂಟಿ ಕೊನೆಗೆ ಕೇರಿಯ ವಾಲ್ವು ತಿರುಗಿಸುವ ಹೊತ್ತಿಗೆ ಟ್ಯಾಂಕೇ ಖಾಲಿ. ಒಬ್ಬ ಅಜ್ಜಿ ಒಂದು ಬೀಜ ಎತ್ತಿ ನನ್ನ ಕೈಗಿಟ್ಟು, ‘ಇದು ರಾತ್ರಿ ತಂದಿದ್ದವ್ವಾ, ಇದನ್ನ ಬ್ಯಾರೆ ಇಡು’ ಅಂದಳು. ಆಮೇಲೆ ಎಲ್ಲರೂ ರಾತ್ರಿಯ ಬೀಜಗಳಿಗೆ ಅರಿಶಿನ ಹಚ್ಚಿ ಬೇರೆ ಸಾಲು ಇಟ್ಟರು. ಇಂಥದ್ದು ನನಗೆ ಹೊಳೆಯುವುದೇ ಇಲ್ಲ. ಅದಕ್ಕೇ ಇಲ್ಲಿ ನನ್ನ ಕೆಲಸ ಜಾಸ್ತಿ ಏನಿಲ್ಲ, ಸಾಮಾನು ಒದಗಿಸಿ ಸುಮ್ನೆ ಕೂರುವುದು, ಗೆರೆ ಸೊಟ್ಟ ಆದರೂ ತಿದ್ದದೆ ಇರುವುದು.

ರಂಗೋಲಿ ಗಾಳಿಗೆ ಹೋಗುತ್ತದಲ್ವಾ? ಫೋಟೊ ತೆಗೆದರೆ ಅದು ನನ್ನ ಫೋನಿನಲ್ಲಿ ಉಳಿಯುತ್ತದೆ, ಅವರ ಹತ್ತಿರ ಅಲ್ಲ. ಕೌದಿ ಹೊಲಿಯುವವರು ಅಲ್ಲೇ ಇದ್ದರು. ಹಳೇ ಸೀರೆಯ ತುಂಡು ಜೋಡಿಸಿ ಅದೇ ನಕ್ಷೆ ಹೊಲಿದರು, ಹಗಲಿನ ಕೊಡಕ್ಕೆ ಕೆಂಪು ದಾರ, ರಾತ್ರಿಯದಕ್ಕೆ ಹಳದಿ.

ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆ ಸಭೆಯಲ್ಲಿ ಹೆಂಗಸರು ಕೌದಿ ಹಿಡಿದು ನಿಂತರು. ಪಂಚಾಯಿತಿಯವರು ‘ಬರೆದು ಕೊಡಿ’ ಅಂದಾಗ ಒಬ್ಬಾಕೆ, ‘ಬರಿಯಾಕ ಬರಂಗಿಲ್ರಿ, ಹೊಲಿದೀವಿ, ನೋಡ್ರಿ’ ಅಂದಳು. ಸಭೆ ನಕ್ಕಿತು, ಆದರೆ ನೋಡಿತು. ಇಂಥ ಕೆಲಸ ಮಾಡುವವರಿಗೆ ಒಂದು ಮಾತು: ಕೌದಿ ಜೊತೆ ಅರ್ಜಿಯೂ ಬೇಕೇ ಬೇಕು, ಎರಡು ಪ್ರತಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ವಿಷಯ ಬರೆಸದೆ ಏಳಬೇಡಿ.

ಈಗ ದಿನ ಬಿಟ್ಟು ದಿನ ಕೇರಿಯ ವಾಲ್ವು ಮೊದಲು ತೆರೆಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಮತ್ತೆ ಅದೇ ಪಾಡು. ಆಮೇಲೆ ಒಂದು ಕಾಲೇಜಿನವರು ಪ್ರದರ್ಶನಕ್ಕೆ ಕೌದಿ ಕೇಳಿದರು. ಹೆಂಗಸರು ಕೂತು ಮಾತಾಡಿ ಷರತ್ತು ಹಾಕಿದರು: ಕೌದಿ ಒಂದೇ ಬರುವುದಿಲ್ಲ, ನಮ್ಮಲ್ಲಿ ಇಬ್ಬರು ಜೊತೆಗೆ ಬಂದು ನಾವೇ ಹೇಳುತ್ತೇವೆ, ಬಸ್ ಚಾರ್ಜು ಮತ್ತು ಆ ದಿನದ ಕೂಲಿ ನಿಮ್ಮದು. ಕಾಲೇಜಿನವರು ಒಪ್ಪಿದರು.