ಬೆನ್ನು ನೋಡಿ ಮೋಸಹೋದೆ

ಎರಡು ವರ್ಷ ನಾನು ದುಂಬಿಗಳನ್ನು (ಬೀಟಲ್) ಬೆನ್ನು ನೋಡಿಯೇ ಜೋಡಿಸುತ್ತಿದ್ದೆ. ಕಪ್ಪಗಿದ್ದವು ಒಂದು ಡಬ್ಬಿಗೆ, ಹೊಳೆಯುವವು ಇನ್ನೊಂದಕ್ಕೆ.

ನಮ್ಮೂರು ಚಿತ್ರದುರ್ಗದ ಹತ್ತಿರ. ಜೋಗಿಮಟ್ಟಿ ಅಭಯಾರಣ್ಯದಲ್ಲಿ ಹುಳ ಹಿಡಿಯುವಂತಿಲ್ಲ, ಹಾಗಾಗಿ ನಮ್ಮ ಶೇಂಗಾ ಹೊಲದ ಬದುವಿನಲ್ಲೇ ಸ್ಟೀಲ್ ಲೋಟಗಳನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತಿಟ್ಟೆ. (ಆ ಲೋಟಗಳನ್ನು ಅಮ್ಮ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.) ಮಳೆ ಬಿದ್ದ ಮಾರನೇ ಬೆಳಿಗ್ಗೆ ಎರಡು ಕರಿ ದುಂಬಿ ಬಿದ್ದಿದ್ದವು. ಒಂದರ ಮೈಮೇಲೆ ಆರು ಬಿಳಿ ಚುಕ್ಕಿ. ವೈಜ್ಞಾನಿಕ ಹೆಸರು ಅಂಥಿಯಾ ಸೆಕ್ಸ್‌ಗುಟ್ಟಾಟಾ. ಹಿಡಿದ ತಕ್ಷಣ ಹಿಂದಿನಿಂದ ಪಿಚಕಾರಿ ಹೊಡೆಯಿತು. ಫಾರ್ಮಿಕ್ ಆಮ್ಲ. ಮುಳ್ಳು ಚುಚ್ಚಿದ್ದ ಬೆರಳು ಉರಿದುಹೋಯಿತು. ಇನ್ನೊಂದಕ್ಕೆ ಚುಕ್ಕಿ ಇರಲಿಲ್ಲ, ಓಟವೂ ಇರಲಿಲ್ಲ. ಚುಕ್ಕಿ ಅಳಿಸಿಹೋಗಿರಬೇಕು ಅಂದುಕೊಂಡು ಎರಡಕ್ಕೂ ಒಂದೇ ಚೀಟಿ ಹಚ್ಚಿದೆ.

ಕಾಲೇಜಿನ ಮೇಡಂ ಡಬ್ಬಿ ನೋಡಿ, "ಮಗುಚಿ ನೋಡಿದ್ಯಾ?" ಅಂದರು. ಇಲ್ಲ.

ಒಣಗಿದ ಹುಳವನ್ನು ಒದ್ದೆ ಹತ್ತಿಯ ಜೊತೆ ಒಂದು ರಾತ್ರಿ ಮುಚ್ಚಿಟ್ಟರೆ ಕಾಲು ಸಡಿಲವಾಗುತ್ತದೆ. ನನಗೆ ಅಷ್ಟು ತಾಳ್ಮೆ ಎಲ್ಲಿ? ಚುಕ್ಕಿ ಇಲ್ಲದ್ದರ ಹಿಂಗಾಲು ಬುಡದಿಂದಲೇ ಕಿತ್ತು ಬಂತು. ಬಂದದ್ದು ಬಂತು ಅಂತ ಅದನ್ನೇ ಲೆನ್ಸ್ ಕೆಳಗಿಟ್ಟು ಪಾದದ ಗೆಣ್ಣು ಎಣಿಸಿದೆ. ನಾಲ್ಕು. ಮುಂಗಾಲು, ನಡುಗಾಲಲ್ಲಿ ಐದೈದು. ಒಂದು ಗೆಣ್ಣು ಮುರಿದಿರಬೇಕು ಅನ್ನೋಣ ಅಂದರೆ ತುದಿಯ ಉಗುರು ಹಾಗೇ ಇದೆ. ಆ ಕಡೆಯ ಹಿಂಗಾಲು ನೋಡಿದೆ. ಅಲ್ಲೂ ನಾಲ್ಕೇ! ಚುಕ್ಕಿಯದ್ದಕ್ಕೆ ಆರೂ ಕಾಲಲ್ಲಿ ಐದು.

ಆಮೇಲೆ ಹೊಟ್ಟೆ. ಚುಕ್ಕಿಯದರಲ್ಲಿ ಹಿಂಗಾಲಿನ ಬುಡ ಎದೆಗೆ ಅಂಟಿಕೊಂಡು, ಹಿಂದಕ್ಕೆ ಚಾಚಿ, ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ಹೋಳು ಮಾಡಿತ್ತು. ಇದು ದುಂಬಿಗಳಲ್ಲಿ ಅಡೆಫೇಗ ಅನ್ನುವ ಗುಂಪಿನ ಗುರುತು. ಇನ್ನೊಂದರಲ್ಲಿ ಪಟ್ಟಿ ಎಲ್ಲೂ ತುಂಡಾಗಿರಲಿಲ್ಲ. ಅದು ಇನ್ನೊಂದು ಗುಂಪು, ಪಾಲಿಫೇಗ. ಹೆಸರಿಟ್ಟಿರುವ ಸುಮಾರು 4 ಲಕ್ಷ ಬಗೆಯ ದುಂಬಿಗಳಲ್ಲಿ ಜಾಸ್ತಿ ಪಾಲು ಈ ಗುಂಪಿನವೇ. ಎರಡೂ ಕವಲು ಬೇರೆಯಾಗಿ 20 ಕೋಟಿ ವರ್ಷಕ್ಕೂ ಮೇಲಾಯಿತು. ನಾನು ಒಂದೇ ಚೀಟಿ ಹಚ್ಚಿದ್ದೆ! ನೆಲದ ಮೇಲೆ ನಡೆದು ಬದುಕುವ ಹುಳಗಳಿಗೆ ಕಪ್ಪು ಬಣ್ಣ, ಉದ್ದ ಕಾಲು ಬೇರೆ ಬೇರೆಯಾಗಿಯೇ ಬಂದುಬಿಡಬಹುದು, ಅಷ್ಟಕ್ಕೇ ನೆಂಟಸ್ತಿಕೆ ಕಟ್ಟಲಾಗದು.

ಐದು-ಐದು-ನಾಲ್ಕರ ಲೆಕ್ಕ ಟೆನೆಬ್ರಿಯೊನಿಡೇ ಅನ್ನುವ ದುಂಬಿ ಕುಟುಂಬದಲ್ಲಿ ಕಾಣುವಂಥದ್ದು. ಹಿಟ್ಟು, ರವೆಯಲ್ಲಿ ಹುಟ್ಟುವ ಸಣ್ಣ ಕೆಂಪು ಹುಳವೂ ಅದೇ ಮನೆತನ ಅಂತ ಓದಿದೆ. ನಂಬಿಕೆ ಬರಲಿಲ್ಲ. ಅಮ್ಮನ ರವೆ ಡಬ್ಬಿಯಿಂದ ನಾಲ್ಕು ಹುಳ ಆರಿಸಿ ಕಾಲೇಜಿನ ಮೈಕ್ರೋಸ್ಕೋಪಿಗೆ ಒಯ್ದೆ. ಮೂರು-ನಾಲ್ಕು ಮಿಲಿಮೀಟರ್ ಹುಳ, ಅದರ ಪಾದ ಎಷ್ಟಿದ್ದೀತು? ಒಂದು ಗಂಟೆ ಹಿಡಿಯಿತು. ಐದು, ಐದು, ನಾಲ್ಕು.

ಮನೆಗೆ ಬಂದು ಹೇಳಿದೆ. "ಹುಳ ಮನೇಲೇ ಇದ್ದಾವೆ, ನೀನು ಲೋಟ ತಗೊಂಡು ಹೊಲಕ್ಕೆ ಹೋದೆ" ಅಂತ ಅಮ್ಮ ಜರಡಿ ಎತ್ತಿಕೊಂಡಳು.