ಬಿ.ಎಡ್ ಆಯ್ತು, ಮೊದಲ ಟೀಚರ್ ಕೆಲಸ ಹೇಗೆ ಹಿಡಿಯೋದು?

ಹಾಸನದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಊರು ಅರಸೀಕೆರೆ ಹತ್ತಿರದ ಹಳ್ಳಿ. ಬಿ.ಎಸ್ಸಿಯಲ್ಲಿ ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ, 2017ರಲ್ಲಿ ಬಿ.ಎಡ್ ಮುಗಿಸಿದೆ. ಈಗ ಹೊಸಬರು ಡೆಮೊ, ಅಂದರೆ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಮಾಡಿ ತೋರಿಸುವ ಪಾಠ, ಕೊಡಲು ಬಂದಾಗ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವವರಲ್ಲಿ ನಾನೂ ಒಬ್ಬಳು. ಬರುವವರು ಚೆನ್ನಾಗಿ ಓದಿಕೊಂಡವರೇ. ಮಾರ್ಕ್ಸ್ ಕೂಡ ಜಾಸ್ತಿನೇ ಇರುತ್ತದೆ. ಆದರೂ ಹದಿನೈದು ನಿಮಿಷದಲ್ಲಿ ಕೆಲಸ ಕೈತಪ್ಪಿಹೋಗುತ್ತದೆ. ನೋಡುವಾಗ ಹೊಟ್ಟೆ ಚುರ್ ಎನ್ನುತ್ತದೆ, ಯಾಕೆಂದರೆ ನನ್ನ ಮೊದಲ ಡೆಮೊ ಕೂಡ ಹಾಗೇ ಆಗಿತ್ತು.

ಅದನ್ನೇ ಮೊದಲು ಹೇಳಿಬಿಡುತ್ತೇನೆ. ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ಆಮ್ಲ, ಪ್ರತ್ಯಾಮ್ಲ ಪಾಠ ಮಾಡಲು ಹೇಳಿದ್ದರು. ರಾತ್ರಿಯೆಲ್ಲ ಕುಳಿತು ಪಾಠಯೋಜನೆ ಬರೆದಿದ್ದೆ. ಕ್ಲಾಸಿನ ಒಳಗೆ ಕಾಲಿಟ್ಟವಳೇ ಬೋರ್ಡಿನ ಕಡೆ ತಿರುಗಿದೆ. ವ್ಯಾಖ್ಯೆ ಬರೆದೆ, ಗುಣಗಳನ್ನು ಬರೆದೆ, ಉದಾಹರಣೆ ಬರೆದೆ. ಬೋರ್ಡ್ ತುಂಬಿತು. ಹೊರಗೆ ಬಂದಾಗ ಹೆಡ್ ಮಿಸ್ ಅಂದರು, "ವಿಷಯ ಚೆನ್ನಾಗಿ ಗೊತ್ತಮ್ಮ ನಿನಗೆ. ಆದರೆ ಒಂದು ಮಗುವಿನ ಮುಖಾನೂ ನೋಡಲಿಲ್ವಲ್ಲ." ಫೋನ್ ಮಾಡ್ತೀವಿ ಅಂತಲೂ ಅಂದರು. ಫೋನ್ ಬರಲಿಲ್ಲ.

ಆ ವಾರವೇ ನಾನು ಇಂಟರ್ನ್‌ಶಿಪ್ ಮಾಡಿದ್ದ ಸರ್ಕಾರಿ ಶಾಲೆಗೆ ಹೋಗಿ ಅಲ್ಲಿನ ವಿಜ್ಞಾನದ ಮೇಷ್ಟ್ರ ಹತ್ತಿರ ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಕುಂಕುಮ ಹೇಗೆ ಮಾಡ್ತಾರೆ ಗೊತ್ತೇನಮ್ಮ?" ನನಗೆ ಗೊತ್ತಿತ್ತು. ಅಜ್ಜಿ ಮಾಡುವುದನ್ನು ನೋಡಿದ್ದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. "ಮತ್ತೆ ಪಾಠ ನಿನ್ನ ಮನೇಲೇ ಇತ್ತಲ್ಲ" ಅಂದರು.

ಆಮೇಲೆ ನಾನು ಕೊಟ್ಟ ಡೆಮೊಗಳೆಲ್ಲ ಅರಿಶಿನದಿಂದಲೇ ಶುರುವಾದವು. ಹಿಂದಿನ ದಿನ ಅರಿಶಿನದ ಪುಡಿಗೆ ಸ್ವಲ್ಪ ನೀರು ಹಾಕಿ ಕಲಸಿ, ಬಿಳಿ ಹಾಳೆಗೆ ಬಳಿದು, ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಮೂರು ಚಿಕ್ಕ ಡಬ್ಬಿ. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ನಿಂಬೆರಸ, ಒಂದರಲ್ಲಿ ಸುಣ್ಣದ ತಿಳಿನೀರು. ಕ್ಲಾಸಿಗೆ ಹೋದ ತಕ್ಷಣ ಕೇಳುತ್ತಿದ್ದೆ: "ಬಿಳಿ ಅಂಗಿ ಮೇಲೆ ಸಾರು ಚೆಲ್ಲಿ ಅರಿಶಿನದ ಕಲೆ ಆದರೆ, ಅದಕ್ಕೆ ಸೋಪು ಹಚ್ಚಿದಾಗ ಏನಾಗುತ್ತೆ?" ಯಾರಾದರೊಬ್ಬರು ಕೆಂಪಗಾಗುತ್ತೆ ಅನ್ನುತ್ತಾರೆ. ಅಲ್ಲಿಗೆ ಕ್ಲಾಸು ನಿಮ್ಮ ಕೈಗೆ ಬಂತು. ಪಟ್ಟಿ ಹಂಚಿ, ಒಂದೊಂದು ಹನಿ ಹಾಕಿಸಿ. ಸೋಪು, ಸುಣ್ಣ ಬಿದ್ದ ಪಟ್ಟಿ ಕೆಂಪಾಗುತ್ತದೆ. ನಿಂಬೆಹಣ್ಣಿನ ರಸ ಬಿದ್ದದ್ದು ಹಳದಿಯಾಗಿಯೇ ಉಳಿಯುತ್ತದೆ. ಕೆಂಪಾದ ಜಾಗಕ್ಕೇ ನಿಂಬೆರಸ ಬಿಟ್ಟರೆ ಮತ್ತೆ ಹಳದಿ! "ಮಿಸ್, ಮಿಸ್, ವಾಪಸ್ ಬಂತು" ಅಂತ ಕೂಗುತ್ತಾರೆ. ಪ್ರತ್ಯಾಮ್ಲ ಅನ್ನುವ ಹೆಸರನ್ನು ಆಗ ಹೇಳಿ, ಅದಕ್ಕಿಂತ ಮೊದಲು ಬೇಡ. ಬೋರ್ಡಿನ ಮೇಲೆ ನಾನು ಬರೆದದ್ದು ಎರಡೇ ಸಾಲು. (ಸುಣ್ಣದ ನೀರನ್ನು ಮಕ್ಕಳ ಕೈಗೆ ಕೊಡಬೇಡಿ. ಆ ಹನಿ ನೀವೇ ಹಾಕಿ.)

ನಿಮ್ಮದು ಕನ್ನಡವೋ, ಗಣಿತವೋ, ಸಮಾಜವೋ ಇರಬಹುದು. ಆದರೂ ಇದೇ ರೀತಿ ಒಂದು ಪಾಠವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ಗಣಿತದವರು ತೆಂಗಿನಕಾಯಿ ಲೆಕ್ಕದಿಂದ ಭಾಗಾಕಾರ ಶುರುಮಾಡಬಹುದು. ಸಮಾಜದವರು ಗ್ರಾಮಸಭೆಯ ನೋಟಿಸು ಕೈಯಲ್ಲಿ ಹಿಡಿದು ಪಂಚಾಯಿತಿ ಪಾಠ ಮಾಡಬಹುದು. ಅನೇಕ ಶಾಲೆಗಳು ಪಾಠ ಆರಿಸಿಕೊಳ್ಳಲು ನಿಮಗೇ ಬಿಡುತ್ತವೆ. ಅವರೇ ಪಾಠ ಕೊಟ್ಟರೂ ಒಂದನ್ನು ಪಳಗಿಸಿಕೊಂಡವರಿಗೆ ಎರಡನೆಯದು ಅಷ್ಟು ಕಷ್ಟವಾಗುವುದಿಲ್ಲ. ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡುವುದಕ್ಕಿಂತ ಬೀದಿಯ ನಾಲ್ಕು ಮಕ್ಕಳನ್ನು ಜಗಲಿ ಮೇಲೆ ಕೂರಿಸಿಕೊಂಡು ಮಾಡಿ. ಎಲ್ಲಿ ಆಕಳಿಸುತ್ತಾರೆ ಅನ್ನುವುದು ಅವರ ಮುಖದಲ್ಲೇ ಕಾಣುತ್ತದೆ.

ಹಿಂದಿನ ಬೆಂಚಿನಲ್ಲಿ ಕುಳಿತ ನಾವು ಏನು ನೋಡುತ್ತೇವೆ ಅಂತಲೂ ಹೇಳುತ್ತೇನೆ. ತಪ್ಪು ಉತ್ತರ ಹೇಳಿದ ಮಗುವಿಗೆ ನೀವು ಏನು ಅನ್ನುತ್ತೀರಿ ಎಂದು ನೋಡುತ್ತೇವೆ. ಕೊನೆಯ ಸಾಲಿನವರನ್ನು ಒಮ್ಮೆಯಾದರೂ ಮಾತಾಡಿಸಿದಿರಾ ಎಂದು ನೋಡುತ್ತೇವೆ. ನಿಮಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ "ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಅನ್ನುವ ಧೈರ್ಯ ಇದೆಯಾ ಎಂದು ನೋಡುತ್ತೇವೆ. ಇಂಗ್ಲಿಷ್ ಮೀಡಿಯಂ ಶಾಲೆಯಾದರೆ ಇಂಗ್ಲಿಷ್ ಮಾತು ಬೇಕೇ ಬೇಕು. ಆದರೆ ತಡವರಿಸಿದರೂ ಸರಳವಾಗಿ, ಸರಿಯಾಗಿ ಮಾತಾಡುವವರನ್ನು ನಾವು ಬಿಟ್ಟಿಲ್ಲ. ಬಾಯಿಪಾಠ ಮಾಡಿದ ಇಂಗ್ಲಿಷ್ ಮೊದಲ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಮೇ ತಿಂಗಳಲ್ಲಿ ಹೋದರೆ ಮಕ್ಕಳು ರಜೆಯಲ್ಲಿರುತ್ತಾರೆ. ಆಗ ನಾವು ಟೀಚರ್‌ಗಳೇ ಮಕ್ಕಳ ಜಾಗದಲ್ಲಿ ಕೂರುತ್ತೇವೆ. ತುಂಬಾ ಜನ ಇಲ್ಲೇ ಎಡವುತ್ತಾರೆ, ನಮ್ಮನ್ನು ನೋಡಿ ಭಾಷಣ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ನಮ್ಮನ್ನು ಹನ್ನೆರಡು ವರ್ಷದವರು ಅಂತಲೇ ತಿಳಿದು ಪ್ರಶ್ನೆ ಕೇಳಿ, ನಮ್ಮ ಕೈಯಲ್ಲೇ ಹನಿ ಹಾಕಿಸಿ.

ಯಾವಾಗ, ಎಲ್ಲಿಗೆ ಹೋಗಬೇಕು

ನಮ್ಮ ಕಡೆ ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಮೊದಲು. ಹಾಗಾಗಿ ಖಾಸಗಿ ಶಾಲೆಗಳು ಮಾರ್ಚ್‌ನಿಂದ ಮೇವರೆಗೆ ಹುಡುಕುತ್ತವೆ. ಜೂನ್ ಹತ್ತಕ್ಕೆ ಫೈಲು ಹಿಡಿದು ಹೊರಟರೆ ತಡವಾಯಿತು ಎಂದೇ ಲೆಕ್ಕ. ಪೇಪರಿನ ಜಾಹೀರಾತು ಕಾಯುತ್ತಾ ಕೂರಬೇಡಿ. ಜಾಹೀರಾತೇ ಕೊಡದೆ, ಇರುವ ಟೀಚರ್‌ಗಳನ್ನು "ಯಾರಾದರೂ ಇದ್ದಾರಾ" ಅಂತ ಕೇಳುವ ಶಾಲೆಗಳೇ ನಮ್ಮ ಊರುಗಳಲ್ಲಿ ಜಾಸ್ತಿ. ಅದಕ್ಕೇ ಇಂಟರ್ನ್‌ಶಿಪ್ ಮಾಡಿದ ಶಾಲೆಯ ಜೊತೆ ನಂಟು ಉಳಿಸಿಕೊಳ್ಳಿ. ನೀವು ಪಾಠ ಮಾಡಿದ್ದನ್ನು ಕಣ್ಣಾರೆ ಕಂಡವರು ಅವರೇ.

ಜೂನ್ ತಪ್ಪಿತು ಅಂತ ಒಂದು ವರ್ಷ ಮನೆಯಲ್ಲಿ ಕೂರುವ ಅಗತ್ಯವೂ ಇಲ್ಲ. ವರ್ಷದ ನಡುವೆ ಯಾರೋ ಹೆರಿಗೆ ರಜೆಗೆ ಹೋಗುತ್ತಾರೆ, ಯಾರಿಗೋ ಸರ್ಕಾರಿ ಕೆಲಸ ಸಿಗುತ್ತದೆ. ದಸರಾ ರಜೆಯ ಹೊತ್ತಿಗೆ ಎಲ್ಲ ಶಾಲೆಗಳಿಗೂ ಇನ್ನೊಮ್ಮೆ ಹೋಗಿ ಬನ್ನಿ. ಈಗಿನ ಶಾಲೆಯಲ್ಲಿ ನನ್ನ ಕೆಲಸ ಶುರುವಾಗಿದ್ದು ಹಾಗೆಯೇ. ಐದು ತಿಂಗಳಿಗೆ ಅಂತ ಬಂದವಳು ಇಲ್ಲೇ ಉಳಿದೆ.

ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆ ಶಿಕ್ಷಕರಿಗಾಗಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಸುಮಾರಿಗೆ ನೇರ ಸಂದರ್ಶನ ಮಾಡುತ್ತವೆ. ಪ್ರಕಟಣೆ ಆಯಾ ಶಾಲೆಯ ವೆಬ್‌ಸೈಟಿನಲ್ಲೇ ಇರುತ್ತದೆ, ಆ ಎರಡು ತಿಂಗಳು ವಾರಕ್ಕೊಮ್ಮೆ ನೋಡುತ್ತಿರಿ.

ಇನ್ನು ಅತಿಥಿ ಶಿಕ್ಷಕರ ಕೆಲಸ. ಸರ್ಕಾರಿ ಶಾಲೆಯಲ್ಲಿ ಹುದ್ದೆ ಖಾಲಿ ಇದ್ದರೆ ಆ ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ತಾಲ್ಲೂಕಿನಲ್ಲಿ ನಿಮ್ಮ ವಿಷಯಕ್ಕೆ ಎಲ್ಲೆಲ್ಲಿ ಖಾಲಿ ಇದೆ ಎಂದು ಕೇಳಿ, ಆಯಾ ಶಾಲೆಯ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ಶಾಲೆಯ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರಿಚಯವನ್ನೂ ಮಾಡಿಕೊಳ್ಳಿ. ಬಸ್ಸು ಸರಿಯಾಗಿ ಇಲ್ಲದ ಊರಿನ ಶಾಲೆಗೆ ಪೈಪೋಟಿ ಕಡಿಮೆ. ನಾನು ಒಂದು ವರ್ಷ ಅಂಥ ಶಾಲೆಯಲ್ಲೇ ಇದ್ದೆ. ಬಸ್ ಇಳಿದು ಎರಡು ಕಿಲೋಮೀಟರ್ ನಡೆಯಬೇಕಿತ್ತು. ದುಡ್ಡಿನ ವಿಷಯ ನೇರವಾಗಿ ಹೇಳಬೇಕು: ಗೌರವಧನ ಕಡಿಮೆ, ತಿಂಗಳು ತಿಂಗಳು ಕೈಗೆ ಬರುತ್ತದೆ ಎಂದು ನಂಬಿ ಬಾಡಿಗೆ ಮನೆ ಹಿಡಿಯಬೇಡಿ. ಮುಂದಿನ ವರ್ಷ ನಿಮ್ಮನ್ನೇ ತೆಗೆದುಕೊಳ್ಳುತ್ತಾರೆ ಎಂಬ ಖಾತ್ರಿಯೂ ಇಲ್ಲ. ಆದರೆ ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿಕೊಂಡು ಪಾಠ ಮಾಡುವುದನ್ನು ನಾನು ಕಲಿತದ್ದು ಅಲ್ಲೇ. ಅಲ್ಲಿಂದ ಹೊರಡುವಾಗ ಮುಖ್ಯ ಶಿಕ್ಷಕರಿಂದ ಅನುಭವ ಪತ್ರ ಬರೆಸಿಕೊಳ್ಳಲು ಮರೆಯಬೇಡಿ.

ಟಿಇಟಿ ಮತ್ತು ಸರ್ಕಾರಿ ನೇಮಕಾತಿ

ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕಟ್ಟುವುದನ್ನು ಬಿಡಬೇಡಿ. ಪತ್ರಿಕೆ 1 ಒಂದರಿಂದ ಐದನೇ ತರಗತಿಗೆ, ಪತ್ರಿಕೆ 2 ಆರರಿಂದ ಎಂಟಕ್ಕೆ. ಬಿ.ಎಡ್ ಪದವಿ ಒಂದರಿಂದ ಐದನೇ ತರಗತಿಯ ಹುದ್ದೆಗೆ ಸಲ್ಲುವುದಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬಿ.ಎಡ್‌ನವರು ಪತ್ರಿಕೆ 2ರ ಮೇಲೇ ಗಮನ ಇಡಿ. 150 ಪ್ರಶ್ನೆ, 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ಪಾಸಾದ ಪ್ರಮಾಣಪತ್ರ ಈಗ ಜೀವನಪೂರ್ತಿ ನಡೆಯುತ್ತದೆ. ಗೈಡುಗಳ ರಾಶಿ ಹಾಕಿಕೊಳ್ಳುವ ಮೊದಲು ನಮ್ಮ ರಾಜ್ಯದ ಪಠ್ಯಪುಸ್ತಕಗಳನ್ನು ಓದಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತವೆ.

ಸರ್ಕಾರಿ ನೇಮಕಾತಿ ವರ್ಷ ವರ್ಷ ಬರುವುದಿಲ್ಲ. ಬಂದಾಗ ದೊಡ್ಡದಾಗಿ ಬರುತ್ತದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಹುದ್ದೆ ಕರೆದರು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಮದುವೆಯಾದ ಹೆಣ್ಣುಮಕ್ಕಳು ಜಾತಿ, ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ಪ್ರಶ್ನೆಯೇ ಆಗ ಹೈಕೋರ್ಟ್‌ವರೆಗೆ ಹೋಯಿತು. ಒಂದು ಕಾಗದದಿಂದ ಎಷ್ಟೋ ಜನರ ನಿದ್ದೆ ಕೆಟ್ಟಿತು. ಆದ್ದರಿಂದ ಪ್ರಕಟಣೆ ಬಂದ ದಿನವೇ ಈ ಭಾಗವನ್ನು ಎರಡು ಸಲ ಓದಿ. ಮೀಸಲಾತಿಗೆ ಬೇಕಾಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಈಗಲೇ ನೀವು ಓದಿದ ಶಾಲೆಗೆ ಹೋಗಿ ಮಾಡಿಸಿಟ್ಟುಕೊಳ್ಳಿ. ಹಳೆಯ ದಾಖಲಾತಿ ಪುಸ್ತಕ ಹುಡುಕುವುದಕ್ಕೇ ವಾರ ಹಿಡಿಯಬಹುದು. ಕಲ್ಯಾಣ ಕರ್ನಾಟಕದವರು 371ಜೆ (ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪತ್ರವನ್ನೂ ಮಾಡಿಸಿಡಿ.

ಒಪ್ಪಿಕೊಳ್ಳುವ ಮೊದಲು

ಸಂಬಳ ಕೇಳಲು ಸಂಕೋಚ ಬೇಡ. ಎಷ್ಟು ಅನ್ನುವುದರ ಜೊತೆಗೆ, ಹತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ ಅಂತಲೂ ಕೇಳಿ. ಬೇಸಿಗೆ ರಜೆಯ ಸಂಬಳ ಕೊಡದ ಶಾಲೆಗಳಿವೆ. ಪಿಎಫ್ ಇದೆಯಾ, ವಾರಕ್ಕೆ ಎಷ್ಟು ಪೀರಿಯಡ್, ನಿಮ್ಮ ವಿಷಯವೇ ಕೊಡುತ್ತಾರಾ, ನಡುವೆ ಬಿಟ್ಟರೆ ಏನು ಷರತ್ತು, ಇಷ್ಟನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದು ಮುಂದಿನ ಮಾರ್ಚ್‌ಗೆ ಯಾರಿಗೂ ನೆನಪಿರುವುದಿಲ್ಲ.

ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಬಿಟ್ಟುಬರಬೇಡಿ. ನಾನು ಮೊದಲು ಸೇರಿದ ಶಾಲೆಯಲ್ಲಿ "ಸುಮ್ನೆ ಫೈಲಿಗೆ" ಅಂತ ನನ್ನ ಬಿ.ಎಡ್ ಅಂಕಪಟ್ಟಿ ಇಟ್ಟುಕೊಂಡರು. ಅತಿಥಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಬೇಕಾಯಿತು. ಇವತ್ತು ಬಾ, ನಾಳೆ ಬಾ, ಸೆಕ್ರೆಟರಿ ಇಲ್ಲ, ಬೀರು ಕೀ ಇಲ್ಲ ಅಂತ ಹನ್ನೊಂದು ದಿನ ಅಲೆಸಿದರು. ಮನೆ ಹತ್ತಿರವೇ ಇದ್ದ ಶಾಲೆಯ ಹುದ್ದೆ ಅಷ್ಟರಲ್ಲಿ ಬೇರೆಯವರಿಗೆ ಹೋಯಿತು. ಕೊನೆಗೆ ಅಪ್ಪ ಬಂದು ಗೇಟಿನ ಹತ್ತಿರ ಕುಳಿತ ಮೇಲೆ ಅದನ್ನು ಕೊಟ್ಟರು. ಜೆರಾಕ್ಸ್ ಕೊಡಿ. ಮೂಲವನ್ನು ಅವರ ಎದುರೇ ತೋರಿಸಿ, ಹೋಲಿಸಿ ನೋಡಲಿ. ನೋಡಿದ ಮೇಲೆ ವಾಪಸ್ ಇಸ್ಕೊಂಡು, ಅಲ್ಲೇ ಬ್ಯಾಗಿಗೆ ಹಾಕಿಕೊಂಡು ಎದ್ದು ಬನ್ನಿ.